ಗೆಲ್ಲದವನಿಗೆ ಸಂಬಳ ಯಾಕೆ?

ಜುಲೈ ಬಂತೆಂದರೆ ಮೂರು ವಾರ ನಾನು ಟೀವಿ ಮುಂದೆ ಕೂತುಬಿಡುತ್ತೇನೆ. ಟೂರ್ ದ ಫ್ರಾನ್ಸ್ ನಡೆಯುತ್ತಿರುತ್ತದೆ. ಆ ಹೊತ್ತಿಗೆ ಮನೆಗೆ ಬಂದವರು ವಿಧಿಯಿಲ್ಲದೆ ನನ್ನ ಜೊತೆ ಹತ್ತು ನಿಮಿಷ ಸೈಕಲ್ ರೇಸ್ ನೋಡುತ್ತಾರೆ. ಮೊದಲು ಬೆಟ್ಟ ಚೆನ್ನಾಗಿದೆ, ಊರು ಚೆನ್ನಾಗಿದೆ ಅನ್ನುತ್ತಾರೆ. ಆಮೇಲೆ ಸುತ್ತಿ ಬಳಸಿ ಎಲ್ಲರೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. “ಗೆಲ್ಲೋದು ಒಬ್ಬನೇ ಅಲ್ವಾ? ಮಿಕ್ಕವರು ಯಾಕೆ ತುಳೀತಾರೆ? ಅವರ ಹೊಟ್ಟೆಪಾಡು ಹೇಗೆ?”

ರೇಸಿನ ಮಧ್ಯೆ ಉತ್ತರ ಹೇಳಲು ಹೋದರೆ ನನಗೆ ರೇಸೂ ತಪ್ಪುತ್ತದೆ, ಅವರಿಗೆ ಅರ್ಥವೂ ಆಗುವುದಿಲ್ಲ. ಅದಕ್ಕೇ ಒಂದು ಸಲ ಬರೆದಿಟ್ಟುಬಿಡೋಣ ಅಂತ ಕೂತೆ.

ಪ್ರಶ್ನೆಯಲ್ಲಿ ತಪ್ಪೇನಿಲ್ಲ. 2025ರ ಟೂರ್‌ನಲ್ಲಿ 23 ತಂಡಗಳಿದ್ದವು, ತಂಡಕ್ಕೆ 8 ಜನ. ಅಂದರೆ 184 ಸವಾರರು. ಗೆದ್ದದ್ದು ಸ್ಲೊವೇನಿಯಾದ ಪೊಗಾಚಾರ್, ಅದೂ ನಾಲ್ಕನೇ ಸಲ. ರೇಸಿನಲ್ಲಿ ದಿನಕ್ಕೊಂದರಂತೆ 21 ಹಂತಗಳಿರುತ್ತವೆ, ಒಂದೊಂದಕ್ಕೂ ಬೇರೆ ಗೆಲುವು. ಒಂದೇ ಒಂದು ಹಂತ ಗೆದ್ದರೂ ಸವಾರನ ಹೆಸರು ಉಳಿಯುತ್ತದೆ. ಆದರೆ 21 ಹಂತ ಎಷ್ಟು ಜನಕ್ಕೆ ಸಾಕಾದೀತು? ನೂರೈವತ್ತಕ್ಕೂ ಜಾಸ್ತಿ ಜನ ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಮುಂದಿನ ವರ್ಷ ಮತ್ತೆ ಬರುತ್ತಾರೆ. ಹತ್ತು ಹದಿನೈದು ವರ್ಷ ಹೀಗೇ ತುಳಿದು ಒಂದು ದಿನ ಸೈಕಲ್ ಗೋಡೆಗೆ ಒರಗಿಸುತ್ತಾರೆ.

ಚಿಕ್ಕದಾಗಿ ಹೇಳಬೇಕೆಂದರೆ, ಗೆಲ್ಲುವುದು ಅವರ ಕೆಲಸವೇ ಅಲ್ಲ. ಅವರನ್ನು ತಂಡ ಇಟ್ಟುಕೊಂಡಿರುವುದು ಬೇರೆ ಕೆಲಸಕ್ಕೆ.

ಆ ಕೆಲಸ ಏನು ಅಂತ ತಿಳಿಯಬೇಕಾದರೆ ಗಾಳಿಯ ವಿಷಯಕ್ಕೆ ಬರಬೇಕು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಹೋಗುವವನ ಶಕ್ತಿಯಲ್ಲಿ ಬಹುಪಾಲು ಖರ್ಚಾಗುವುದು ಗಾಳಿಯನ್ನು ಸೀಳುವುದಕ್ಕೆ. ಚೈನು, ಟೈರು, ರಸ್ತೆ ಇವೆಲ್ಲ ಚಿಲ್ಲರೆ ಲೆಕ್ಕ. ಮುಂದಿನವನ ಹಿಂಚಕ್ರಕ್ಕೆ ಅಂಟಿಕೊಂಡು ಹೋದರೆ ಸುಮಾರು ಮೂರನೇ ಒಂದು ಭಾಗ ಶ್ರಮ ಉಳಿಯುತ್ತದೆ. ದೊಡ್ಡ ಗುಂಪಿನ ಹೊಟ್ಟೆಯೊಳಗೆ ಸೇರಿಕೊಂಡರೆ ಇನ್ನೂ ಆರಾಮ. ನೆದರ್ಲೆಂಡ್ಸ್‌ನ ಐಂಡ್ಹೋವನ್‌ನಲ್ಲಿ ಬರ್ಟ್ ಬ್ಲಾಕೆನ್ ಮತ್ತು ಜೊತೆಗಾರರು 2018ರಲ್ಲಿ 121 ಸವಾರರ ಗುಂಪನ್ನು ಇಟ್ಟುಕೊಂಡು ಲೆಕ್ಕ ಹಾಕಿದರು. ಗುಂಪಿನ ನಡುವೆ, ಹಿಂಬದಿಗೆ ಇರುವವನಿಗೆ ತಾಗುವ ಗಾಳಿಯ ತಡೆ, ಒಂಟಿಯಾಗಿ ಹೋಗುವವನಿಗೆ ತಾಗುವುದರಲ್ಲಿ ಬರೀ 5ರಿಂದ 10 ಶೇಕಡ!

ಅಲ್ಲಿಗೆ ಆಟ ಬದಲಾಯಿತು ನೋಡಿ. ಐದು ಗಂಟೆಯ ರೇಸಿನಲ್ಲಿ ನಾಯಕನನ್ನು, ಅಂದರೆ ತಂಡ ಗೆಲ್ಲಿಸಲು ಹೊರಟವನನ್ನು, ನಾಲ್ಕೂವರೆ ಗಂಟೆ ಗಾಳಿಯಿಂದ ಬಚ್ಚಿಟ್ಟರೆ, ಕೊನೆಯ ಏರಿಗೆ ಅವನು ತಾಜಾ ಕಾಲುಗಳನ್ನು ಇಟ್ಟುಕೊಂಡು ಬರುತ್ತಾನೆ. ಬಚ್ಚಿಡಬೇಕಾದರೆ ಯಾರಾದರೂ ಗಾಳಿಗೆ ಎದೆ ಕೊಡಲೇಬೇಕು. ಮೊದಮೊದಲು ನಾನು ಗುಂಪಿನ ಮುಂದೆ ಇರುವವನೇ ಗಟ್ಟಿಗ, ಅವನೇ ಗೆಲ್ಲುವುದು ಅಂದುಕೊಂಡಿದ್ದೆ. ಕೊನೆಯ ಹತ್ತು ಕಿಲೋಮೀಟರ್ ಬಂದಾಗ ಅವನು ಮಾಯ. ಇವನಿಗೇನಾಯಿತು ಅಂತ ಬೇಜಾರು ಬೇರೆ ಮಾಡಿಕೊಳ್ಳುತ್ತಿದ್ದೆ. ಏನೂ ಆಗಿರುವುದಿಲ್ಲ. ಅವನ ಡ್ಯೂಟಿ ಮುಗಿದಿರುತ್ತದೆ, ಅಷ್ಟೆ.

ಈ ಕೆಲಸದವನನ್ನು ಸೈಕಲ್ ಲೋಕದಲ್ಲಿ ಡೊಮೆಸ್ಟಿಕ್ ಅನ್ನುತ್ತಾರೆ. ಫ್ರೆಂಚ್‌ನಲ್ಲಿ ಮನೆಯಾಳು ಎಂದು ಅರ್ಥ. ಟೂರ್ ಶುರು ಮಾಡಿದ ಆನ್ರಿ ದೆಗ್ರಾಂಜ್ 1911ರಲ್ಲಿ ಮಾರಿಸ್ ಬ್ರೊಕ್ಕೊ ಎಂಬ ಸವಾರನನ್ನು ಹೀಗೆ ಹಂಗಿಸಿದನಂತೆ. ಬ್ರೊಕ್ಕೊ ಮಾಡಿದ ತಪ್ಪು ಅಂದರೆ, ತಾನು ಗೆಲ್ಲುವ ಆಸೆ ಬಿಟ್ಟು ಬೇರೆಯವನಿಗೆ ಸಹಾಯ ಮಾಡಿದ್ದು. ದೆಗ್ರಾಂಜ್‌ಗೆ ಪ್ರತಿಯೊಬ್ಬನೂ ಒಂಟಿಯಾಗಿ ಹೋರಾಡಬೇಕು ಅನ್ನುವ ಹಟ. ಬೈಗುಳವಾಗಿ ಬಂದ ಮಾತು ಹುದ್ದೆಯ ಹೆಸರಾಗಿ ನಿಂತಿತು.

ದಿನವಿಡೀ ಇವನು ಏನು ಮಾಡುತ್ತಾನೆ? ಬಾಟಲಿಯಿಂದ ಶುರು ಮಾಡೋಣ. ಬಿಸಿಲಿನ ದಿನ ನಾಯಕನಿಗೆ ನೀರು ಬೇಕು. ತಂಡದ ಕಾರು ಗುಂಪಿನ ಹಿಂದೆ ಎಲ್ಲೋ ಇರುತ್ತದೆ. ಇವನು ವೇಗ ಕಡಿಮೆ ಮಾಡಿ, ಇಡೀ ಗುಂಪನ್ನು ಮುಂದಕ್ಕೆ ಬಿಟ್ಟು, ಕಾರಿನ ಪಕ್ಕಕ್ಕೆ ಹೋಗುತ್ತಾನೆ. ಏಳೆಂಟು ಬಾಟಲಿಗಳನ್ನು ಜೆರ್ಸಿಯ ಬೆನ್ನಿಗೆ, ಎದೆಗೆ ತುರುಕಿಕೊಳ್ಳುತ್ತಾನೆ. ನಾಲ್ಕೈದು ಕೆಜಿ ಭಾರ. ಅದನ್ನು ಹೊತ್ತು ಗಂಟೆಗೆ ನಲವತ್ತರ ಮೇಲೆ ಓಡುತ್ತಿರುವ ಗುಂಪನ್ನು ಮತ್ತೆ ಹಿಡಿದು, ಅದರ ಸಂದಿಯಲ್ಲಿ ನುಸುಳಿ ಮುಂದಕ್ಕೆ ಹೋಗಿ ಒಬ್ಬೊಬ್ಬರಿಗೂ ಹಂಚಬೇಕು. ಮುಗಿಯಿತೇ? ಅರ್ಧ ಗಂಟೆ ಬಿಟ್ಟು ಮತ್ತೆ ಹೋಗಬೇಕು. ಬಾಟಲಿ ಕೊಡುವ ನೆಪದಲ್ಲಿ ಕಾರಿನವನು ಒಂದೆರಡು ಕ್ಷಣ ಜಾಸ್ತಿ ಹಿಡಿದುಕೊಂಡು ಇವನನ್ನು ಎಳೆದುಕೊಳ್ಳುವುದುಂಟು. ‘ಅಂಟಿನ ಬಾಟಲಿ’ ಅಂತ ತಮಾಷೆ ಮಾಡುತ್ತಾರೆ. ಅತಿಯಾದರೆ ದಂಡ ಬೀಳುತ್ತದೆ.

ನಾಯಕನ ಟೈರು ಪಂಕ್ಚರ್ ಆಯಿತೆನ್ನಿ. ಕಾರು ಹತ್ತಿರ ಇಲ್ಲ. ಆಗ ಇವನು ಇಳಿದು ತನ್ನ ಚಕ್ರ ಬಿಚ್ಚಿ ಕೊಡುತ್ತಾನೆ, ಇಲ್ಲವೇ ಸೈಕಲ್ಲನ್ನೇ ಕೊಟ್ಟು ರಸ್ತೆ ಬದಿ ನಿಲ್ಲುತ್ತಾನೆ. 1934ರ ಟೂರ್‌ನಲ್ಲಿ ರೆನೆ ವಿಯೆತ್ತೊಗೆ ಆಗಿದ್ದು ಇದೇ. ಹುಡುಗನಿಗೆ ಇಪ್ಪತ್ತು ವರ್ಷ. ಬೆಟ್ಟ ಹತ್ತುವುದರಲ್ಲಿ ಎಲ್ಲರಿಗಿಂತ ಮುಂದೆ. ಪಿರನೀಸ್ ಬೆಟ್ಟಗಳಲ್ಲಿ ಅವನ ನಾಯಕ ಆಂತೊನಾಂ ಮಾನ್ಯ್ ಬಿದ್ದು ಚಕ್ರ ಮುರಿದುಕೊಂಡ. ವಿಯೆತ್ತೊ ತನ್ನದನ್ನು ಕೊಟ್ಟು ಕಲ್ಲಿನ ಗೋಡೆಯ ಮೇಲೆ ಕೂತು ಅತ್ತ. ಮರುದಿನ ಮತ್ತೆ ಅದೇ ಕತೆ, ಬೆಟ್ಟದ ಮೇಲಕ್ಕೆ ವಾಪಸು ತುಳಿದುಕೊಂಡು ಹೋಗಿ ಸಹಾಯ ಮಾಡಿದ. ಮಾನ್ಯ್ ಆ ಟೂರ್ ಗೆದ್ದ. ವಿಯೆತ್ತೊ ಐದನೆಯವನಾದ, ಮುಂದೆಂದೂ ಟೂರ್ ಗೆಲ್ಲಲಿಲ್ಲ. ಅಳುತ್ತಾ ಕೂತ ಹುಡುಗನ ಫೋಟೋ ಮಾತ್ರ ಗೆದ್ದವನ ಹೆಸರಿಗಿಂತ ಜಾಸ್ತಿ ಜನಕ್ಕೆ ಗೊತ್ತು.

ಕೊನೆಯ ಗೆರೆಯ ಹತ್ತಿರ ಜೋರಾಗಿ ನುಗ್ಗಿ ಗೆಲ್ಲುವ ವೇಗದ ಸವಾರರ ತಂಡದಲ್ಲಿ ಕೆಲಸ ಬೇರೆ ಥರ. ಅಲ್ಲಿ ಕೊನೆಯ ಕೆಲವು ಕಿಲೋಮೀಟರ್ ಎಲ್ಲರೂ ರೈಲಿನಂತೆ ಸಾಲಾಗುತ್ತಾರೆ. ಒಬ್ಬೊಬ್ಬನೂ ತನ್ನ ಶಕ್ತಿಯೆಲ್ಲ ಸುರಿದು ಪಕ್ಕಕ್ಕೆ ಸರಿಯುತ್ತಾನೆ. ಕಟ್ಟಕಡೆಯವನು ನಾಯಕನನ್ನು ಗೆರೆಗೆ ಇನ್ನೂರು ಮೀಟರ್ ಇರುವಾಗ ಸರಿಯಾದ ಜಾಗದಲ್ಲಿ ಬಿಡಬೇಕು. 2021ರ ಟೂರ್‌ನಲ್ಲಿ ಬ್ರಿಟನ್ನಿನ ಮಾರ್ಕ್ ಕ್ಯಾವೆಂಡಿಷ್ ನಾಲ್ಕು ಹಂತ ಗೆದ್ದಾಗ ಈ ಕೆಲಸ ಮಾಡಿದ್ದು ಡೆನ್ಮಾರ್ಕಿನ ಮಿಕೇಲ್ ಮೊರ್ಕೊವ್. ಕಾರ್ಕಸೋನ್ ಊರಿನಲ್ಲಿ ಕ್ಯಾವೆಂಡಿಷ್ ತನ್ನ 34ನೇ ಹಂತ ಗೆದ್ದು ಎಡ್ಡಿ ಮರ್ಕ್ಸ್‌ನ ದಾಖಲೆ ಮುಟ್ಟಿದ ದಿನ, ಎರಡನೆಯವನಾಗಿ ಗೆರೆ ದಾಟಿದ್ದು ಯಾರು ಗೊತ್ತಾ? ಇದೇ ಮೊರ್ಕೊವ್. ದಾರಿ ಮಾಡಿಕೊಟ್ಟು ಸರಿದ ಮೇಲೂ ಮಿಕ್ಕವರಿಗೆ ಅವನನ್ನು ದಾಟಲಾಗಲಿಲ್ಲ. ಆ ಹಂತವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಕೆಲಸ ಮುಗಿದ ಮೇಲೂ ಪೂರ್ತಿ ಬಿಡುವಿಲ್ಲ. ಪ್ರತಿ ಹಂತದಲ್ಲೂ ಗೆದ್ದವನ ಸಮಯಕ್ಕೆ ಇಂತಿಷ್ಟು ಶೇಕಡ ಸೇರಿಸಿ ಒಂದು ಗಡುವು ಹಾಕುತ್ತಾರೆ. ಅದರೊಳಗೆ ಬರದಿದ್ದರೆ ಮರುದಿನ ಹೊರಡುವ ಹಾಗಿಲ್ಲ. ಹಾಗಾಗಿ ಬೆಟ್ಟದ ದಿನಗಳಲ್ಲಿ ದಣಿದವರು, ದಪ್ಪ ತೊಡೆಯ ವೇಗದ ಸವಾರರು ಎಲ್ಲ ಹಿಂದೆ ಒಂದು ಗುಂಪು ಕಟ್ಟಿಕೊಂಡು, ಗಡಿಯಾರ ನೋಡುತ್ತಾ ಲೆಕ್ಕ ಹಾಕಿ ತುಳಿಯುತ್ತಾರೆ. ಇಟಾಲಿಯನ್ ಮಾತಿನಲ್ಲಿ ಗ್ರುಪೆಟ್ಟೊ. ಇದರೊಳಗೆ ಬೇರೆ ಬೇರೆ ತಂಡದವರೂ ಒಬ್ಬರಿಗೊಬ್ಬರು ಆಸರೆ.

“ಗೆದ್ದಲು ಹುತ್ತ ಕಟ್ಟಿತು, ಹಾವು ಬಂದು ಸೇರಿತು ಅಂದಂಗಾಯ್ತು,” ಅಂದರು ಇದನ್ನೆಲ್ಲ ಕೇಳಿದ ಒಬ್ಬ ಹಿರಿಯರು. ಒಳ್ಳೆಯ ಮಾತು. ಆದರೆ ಇಲ್ಲಿ ಹುತ್ತ ಕಟ್ಟಿದ್ದಕ್ಕೆ ಸಂಬಳ ಇದೆ, ಸಾರ್.

ಎಷ್ಟು? ಮೇಲಿನ ದರ್ಜೆಯ 18 ತಂಡಗಳಲ್ಲಿ ಕನಿಷ್ಠ ಸಂಬಳ ವರ್ಷಕ್ಕೆ ಸುಮಾರು 40 ಸಾವಿರ ಯೂರೋ. ನುರಿತ ಸಹಾಯಕನಿಗೆ ಇದರ ಹಲವು ಪಟ್ಟು ಸಿಗುತ್ತದೆ. ಪೊಗಾಚಾರ್‌ನಂಥವರ ಲೆಕ್ಕ ಮಿಲಿಯನ್‌ಗಳಲ್ಲಿ. ಬಹುಮಾನದ ಹಣ ನೋಡಿದರೆ ನಗು ಬರುತ್ತದೆ. ಟೂರ್ ಗೆದ್ದವನಿಗೆ 5 ಲಕ್ಷ ಯೂರೋ ಸರಿ, ಆದರೆ ಒಂದು ಹಂತ ಗೆದ್ದರೆ 11 ಸಾವಿರ. ಅದನ್ನೂ ವಾಡಿಕೆಯಂತೆ ತಂಡದವರೆಲ್ಲ ಹಂಚಿಕೊಳ್ಳುತ್ತಾರೆ. ನಾಯಕ ಗೆದ್ದ ದುಡ್ಡಿನಲ್ಲಿ ಬಾಟಲಿ ಹೊತ್ತವನಿಗೂ ಪಾಲಿದೆ. ಮಹಿಳೆಯರ ವಿಷಯದಲ್ಲಿ ಇದೆಲ್ಲ ತೀರಾ ಇತ್ತೀಚಿನದು. ಅವರ ಮೇಲಿನ ದರ್ಜೆಗೆ ಕನಿಷ್ಠ ಸಂಬಳ ಅಂತ ಬಂದದ್ದೇ 2020ರಲ್ಲಿ, ಅದೂ 15 ಸಾವಿರ ಯೂರೋ. ಅದಕ್ಕೂ ಮುಂಚೆ ಇನ್ನೊಂದು ಕೆಲಸ ಮಾಡಿಕೊಂಡು ರೇಸ್ ಮಾಡಿದವರು ಬಹಳ.

ಸಂಬಳ ಇದೆ ಅಂದೆ, ಭದ್ರತೆ ಇದೆ ಅನ್ನಲಿಲ್ಲ. ಒಪ್ಪಂದ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ. ರಸ್ತೆಯ ರೇಸಿಗೆ ಟಿಕೆಟ್ ಇಲ್ಲ, ಹಾಗಾಗಿ ತಂಡ ಬದುಕುವುದು ಪ್ರಾಯೋಜಕರ ದುಡ್ಡಿನಲ್ಲಿ. ಜೆರ್ಸಿಯ ಮೇಲೆ ಹೆಸರು ಹಾಕಿಸಿಕೊಂಡ ಕಂಪನಿ ಸಾಕು ಅಂದರೆ ಮುಗಿಯಿತು. ಕ್ಯಾವೆಂಡಿಷ್‌ನ ಹಳೆಯ ತಂಡ ಎಚ್‌ಟಿಸಿ-ಹೈರೋಡ್ ವರ್ಷದಿಂದ ವರ್ಷಕ್ಕೆ ರಾಶಿ ರಾಶಿ ರೇಸ್ ಗೆಲ್ಲುತ್ತಿತ್ತು. ಮುಂದಕ್ಕೆ ದುಡ್ಡು ಹಾಕುವವರು ಸಿಗದೆ 2011ರ ಕೊನೆಗೆ ಬಾಗಿಲು ಮುಚ್ಚಿತು. ಈಚೆಗೆ ಇನ್ನೊಂದು ತಲೆನೋವು ಸೇರಿದೆ. ಮೂರು ವರ್ಷದ ಅಂಕ ನೋಡಿ ತಂಡಗಳ ದರ್ಜೆ ಗೊತ್ತು ಮಾಡುತ್ತಾರೆ. ಅಂಕ ಸಿಗುವುದು ಮುಂದೆ ಬಂದವನಿಗೆ, ಗಾಳಿ ತಡೆದವನಿಗಲ್ಲ. ಯಾರಿಗೂ ನೆರವಾಗದೆ ಹತ್ತನೆಯ ಸ್ಥಾನ ಕಚ್ಚಿಕೊಂಡವನು ತಂಡಕ್ಕೆ ಈಗ ಲಾಭ. ಇದು ನನಗಂತೂ ಹಿಡಿಸಿಲ್ಲ.

ಬದುಕಿನ ಮಿಕ್ಕ ಭಾಗವನ್ನು ನೋಡಿದರೆ ಹೊಟ್ಟೆಕಿಚ್ಚು ಪಡುವಂಥದ್ದೇನಿಲ್ಲ. ತೂಗಿ ಅಳೆದು ಊಟ. ವರ್ಷದಲ್ಲಿ ಅರವತ್ತು ಎಪ್ಪತ್ತು ದಿನ ರೇಸ್, ಮಿಕ್ಕ ದಿನ ಅಭ್ಯಾಸ, ಬೆಟ್ಟದ ಮೇಲಿನ ಶಿಬಿರ. ಉದ್ದೀಪನ ಮದ್ದಿನ ತಪಾಸಣೆಗಾಗಿ ಪ್ರತಿದಿನ ಒಂದು ಗಂಟೆ ತಾನು ಎಲ್ಲಿರುತ್ತೇನೆ ಅಂತ ಮೊದಲೇ ಬರೆದುಕೊಡಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿಸಿಕೊಂಡರೆ ನಿಷೇಧ. ಇದಕ್ಕೆ ಕಾರಣವೂ ಇದೆ ಬಿಡಿ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಏಳು ಟೂರ್‌ಗಳನ್ನು 2012ರಲ್ಲಿ ಕಿತ್ತುಕೊಂಡಾಗ ಸಾಕ್ಷಿ ಹೇಳಿದವರಲ್ಲಿ ಅವನ 11 ಜನ ಹಳೆಯ ಜೊತೆಗಾರರಿದ್ದರು, ಹೆಚ್ಚಿನವರು ಅವನಿಗಾಗಿ ಗಾಳಿ ತಡೆದವರೇ. ಆ ಕಾಲದಲ್ಲಿ ಸಹಾಯಕನ ಕೆಲಸ ಉಳಿಯಬೇಕಾದರೂ ಸೂಜಿ ಚುಚ್ಚಿಕೊಳ್ಳಬೇಕಿತ್ತು.

ಬೀಳುವುದಂತೂ ಇದ್ದದ್ದೇ. ಕಾಲರ್‌ಬೋನ್ ಮುರಿಯುವುದನ್ನು ಇವರು ನೆಗಡಿಯ ಥರ ಹೇಳುತ್ತಾರೆ. ಆದರೆ 2023ರ ಜೂನ್‌ನಲ್ಲಿ ಟೂರ್ ದ ಸ್ವಿಸ್ ರೇಸಿನ ಇಳಿಜಾರಿನಲ್ಲಿ ಬಿದ್ದು 26 ವರ್ಷದ ಜೀನೊ ಮೇಡರ್ ತೀರಿಕೊಂಡಾಗ ನಾನು ಎರಡು ವಾರ ರೇಸ್ ನೋಡಲಿಲ್ಲ. ಮನಸ್ಸು ದಣಿದು ಬಿಟ್ಟುಹೋದವರೂ ಇದ್ದಾರೆ. ಇಟಲಿಯ ಮೂರು ವಾರದ ರೇಸ್ ‘ಜೀರೊ’ ಗೆದ್ದಿದ್ದ ಟಾಮ್ ಡುಮೊಲಾನ್ 31ಕ್ಕೇ ನಿಲ್ಲಿಸಿದ.

“ಹಾಗಾದರೆ ಸಹಾಯಕ ಯಾವತ್ತೂ ಗೆಲ್ಲೋದೇ ಇಲ್ವಾ?” ಇದು ಬಾಲಂಗೋಚಿ ಪ್ರಶ್ನೆ. ಗೆಲ್ಲುತ್ತಾನೆ, ಅಪರೂಪಕ್ಕೆ. ಅಮೆರಿಕದ ಸೆಪ್ ಕುಸ್ 2023ರಲ್ಲಿ ತನ್ನ ನಾಯಕರಾದ ರೊಗ್ಲಿಚ್‌ಗೆ ಜೀರೊ, ವಿಂಗೆಗೋರ್‌ಗೆ ಟೂರ್ ಗೆಲ್ಲಿಸಿಕೊಟ್ಟು, ಅದೇ ವರ್ಷ ಸ್ಪೇನ್‌ನ ಮೂರು ವಾರದ ರೇಸ್ ವುವೆಲ್ಟಾವನ್ನು ತಾನೇ ಗೆದ್ದ. ಎರಡನೆಯ, ಮೂರನೆಯ ಸ್ಥಾನದಲ್ಲಿ ನಿಂತವರು ಅವನ ಅದೇ ಇಬ್ಬರು ನಾಯಕರು. ನನಗೆ ಅದಕ್ಕಿಂತ ಇಷ್ಟದ್ದು ಆಸ್ಟ್ರೇಲಿಯಾದ ಮ್ಯಾಥ್ಯೂ ಹೇಮನ್‌ನ ದಿನ. ಹದಿನಾರು ವರ್ಷ ಬೇರೆಯವರಿಗಾಗಿ ದುಡಿದವನು. 2016ರಲ್ಲಿ ಪ್ಯಾರಿಸ್–ರೂಬೆ ಎಂಬ ಒಂದು ದಿನದ ರೇಸಿಗೆ ಐದಾರು ವಾರ ಇರುವಾಗ ಬಿದ್ದು ಕೈ ಮುರಿದುಕೊಂಡ. ರಸ್ತೆಗೆ ಇಳಿಯುವಂತಿರಲಿಲ್ಲ, ಮನೆಯೊಳಗೆ ನಿಂತಲ್ಲೇ ನಿಂತ ಸೈಕಲ್ ತುಳಿದ. 257 ಕಿಲೋಮೀಟರ್, ಅದರಲ್ಲಿ ಐವತ್ತಕ್ಕೂ ಜಾಸ್ತಿ ಕಲ್ಲು ಹಾಸಿನ ದಾರಿ. ಐದನೇ ಗೆಲುವಿನ ಕನಸು ಹೊತ್ತಿದ್ದ ಟಾಮ್ ಬೂನೆನ್‌ನನ್ನು ಕೊನೆಯ ಓಟದಲ್ಲಿ ಹಿಂದಿಕ್ಕಿ ಗೆದ್ದ. ಅವನ 15ನೇ ಪ್ರಯತ್ನ ಅದು, ವಯಸ್ಸು 37. ಗೆರೆ ದಾಟಿದವನ ಮುಖದಲ್ಲಿ ಖುಷಿ ಇರಲಿಲ್ಲ, ಇದೇನಾಯಿತು ಅನ್ನುವ ಗಾಬರಿ ಇತ್ತು.

ಇನ್ನು ಟೂರ್‌ನಲ್ಲಿ ಕಟ್ಟಕಡೆಗೆ ಬಂದವನಿಗೂ ಒಂದು ಹೆಸರಿದೆ: ಲಾಂತೆರ್ನ್ ರೂಜ್, ಅಂದರೆ ರೈಲಿನ ಕೊನೆಯ ಬೋಗಿಗೆ ತಗುಲಿಸುವ ಕೆಂಪು ದೀಪ. ಬೆಲ್ಜಿಯಂನ ವಿಮ್ ವಾನ್‌ಸೆವೆನಂಟ್ 2006, 2007, 2008, ಮೂರು ವರ್ಷವೂ ಈ ದೀಪ ಹೊತ್ತ. ಹಾಗೆ ಮೂರು ಸಲ ಹೊತ್ತವನು ಇನ್ನೊಬ್ಬನಿಲ್ಲ. ತಂಡದ ನಾಯಕರಿಗಾಗಿ ದುಡಿದು, ತನ್ನ ಕೆಲಸ ಮುಗಿದ ಕೂಡಲೇ ಕಾಲು ಸಡಿಲ ಬಿಟ್ಟು ಗಡುವಿನೊಳಗೆ ಬರುತ್ತಿದ್ದ. ಇದನ್ನು ಹೇಳಿದಾಗೆಲ್ಲ ಜನ ಅಯ್ಯೋ ಪಾಪ ಅನ್ನುತ್ತಾರೆ. ಅವನ ಮಗ ಮೌರಿ ಬೆಳೆದಿದ್ದು ಅಂಥ ಅಪ್ಪನ ಮನೆಯಲ್ಲೇ. ದೊಡ್ಡವನಾಗಿ ಹಿಡಿದ ಕೆಲಸವೂ ಅದೇ, ಸೈಕಲ್ ರೇಸು.