ನಲ್ಲಿಯಿಂದ ಹೊಳೆಯವರೆಗೆ: ಭೀಮೇಶ್ವರಿಯಲ್ಲಿ ಬಿಳಿಮೀನಿನ ಹುಡುಕಾಟ

ಕನಕಪುರ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಈ ಸಲ ಮಾತ್ರ ಪೈಪ್ ನೋಡುತ್ತಾ ಹೋದೆ. ಬೆಂಗಳೂರಿನ ನಮ್ಮ ಮನೆ ನಲ್ಲಿಗೆ ಬರೋ ಕಾವೇರಿ ಇದೇ ದಾರಿಯಲ್ಲಿ ಬರುತ್ತಾಳೆ. ತಾತಗುಣಿ, ಹಾರೋಹಳ್ಳಿ, ತೊರೆಕಾಡನಹಳ್ಳಿ, ಹೀಗೆ ಮೂರು ಕಡೆ ಪಂಪ್ ಮಾಡಿ ಸುಮಾರು 500 ಮೀಟರ್ ಮೇಲಕ್ಕೆ ಎತ್ತಿ, ನೂರು ಕಿಲೋಮೀಟರ್ ದೂರದಿಂದ ನೀರು ತರುತ್ತಾರೆ. 1974ರಲ್ಲಿ ಶುರುವಾದ ಕೆಲಸ. 2024ರಲ್ಲಿ ಐದನೇ ಹಂತ ಬಂತು, ಅದೊಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರ್. ನೀರು ಊರಿನ ಕಡೆ ಬರುತ್ತಿತ್ತು, ನಾನು ಅದರ ಎದುರು ಹೊರಟಿದ್ದೆ.

ಹಲಗೂರಿನಲ್ಲಿ ಟೀ ಕುಡಿದು ಎಡಕ್ಕೆ ತಿರುಗಿದೆ. ಶಿವನಸಮುದ್ರಕ್ಕಿಂತ ಮೇಲೆಯೇ ನಗರದ ಪಾಲನ್ನು ತೆಗೆದುಕೊಂಡಾಗಿರುತ್ತದೆ. ಉಳಿದ ಹೊಳೆ ಅಲ್ಲಿ ಧುಮುಕಿ, ಮುತ್ತತ್ತಿ, ಭೀಮೇಶ್ವರಿಯ ಕಾಡೊಳಗೆ ಬರುತ್ತದೆ. 1987ರಿಂದ ಇದು ಕಾವೇರಿ ವನ್ಯಜೀವಿಧಾಮ. ಸೀತಮ್ಮನ ಮೂಗುತಿಯ ಮುತ್ತು ಬಿದ್ದದ್ದು ಇಲ್ಲೇ, ಹನುಮಂತ ಬಾಲದಿಂದ ಮಡು ಕಲಕಿ ಅದನ್ನು ಹುಡುಕಿಕೊಟ್ಟ ಅಂತ ಮುತ್ತತ್ತಿಯವರು ಹೇಳುತ್ತಾರೆ. ನಾನು ಹುಡುಕಲು ಬಂದದ್ದೂ ಅಂಥದ್ದೇ ಒಂದನ್ನು.

ತೆಪ್ಪ ನಡೆಸುವ ಅಣ್ಣನಿಗೆ ಅರವತ್ತು ದಾಟಿರಬೇಕು. ಜನವರಿಯ ನೀರು ತಿಳಿಯಾಗಿತ್ತು. ದಡದ ಹೊಳೆಮತ್ತಿ ಮರಗಳ ಬೇರು ನೀರಿಗೆ ಇಳಿಬಿದ್ದಿದ್ದವು. ಹೊಳೆ ಮಧ್ಯದ ಒಂದು ಚಪ್ಪಟೆ ಬಂಡೆಗೆ ತೆಪ್ಪ ತಾಗಿಸಿ, "ಇಲ್ಲಿ ನೋಡಿ ಸಾರ್" ಅಂದರು. ಬಂಡೆ ಮೇಲೆ ಕಪ್ಪಗೆ ಏನೋ ಒಣಗಿತ್ತು. ಕಡ್ಡಿಯಿಂದ ಬಿಡಿಸಿದರೆ ಒಳಗೆ ಮೀನಿನ ಪೊರೆಗಳು, ಉಗುರಿನಷ್ಟು ದೊಡ್ಡವು, ಬಿಸಿಲಿಗೆ ಮಿನುಗುತ್ತಿದ್ದವು. ನಡುವೆ ಏಡಿ ಚಿಪ್ಪಿನ ಚೂರು, ಗಪ್ಪನೆ ಮೀನು ವಾಸನೆ. ನೀರುನಾಯಿಯ ಹಿಕ್ಕೆ! ಅದು ಯಾವ ಮೀನು ತಿನ್ನುತ್ತಿದೆ, ಎಷ್ಟು ದಿನಕ್ಕೊಮ್ಮೆ ಆ ಬಂಡೆಗೆ ಬರುತ್ತಿದೆ ಅಂತ ಹಿಕ್ಕೆ ನೋಡಿಯೇ ಅಂದಾಜು ಮಾಡುತ್ತಾರೆ. ನೀರುನಾಯಿ ಇದೆ ಅಂದರೆ ಅದರ ಹೊಟ್ಟೆಗಾಗುವಷ್ಟು ಮೀನೂ ಇದೆ ಅಂತ ಅರ್ಥ.

ಮೀನಿನ ಲೆಕ್ಕ ಇಷ್ಟು ಸುಲಭ ಅಲ್ಲ. ಇಲ್ಲಿನ ಬಿಳಿಮೀನು, ಅಂದರೆ ಮಹಶೀರ್, ಒಂದು ಕಾಲಕ್ಕೆ ಆಳುದ್ದ ಬೆಳೆಯುತ್ತಿತ್ತು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಹಿಡಿದ ಮೀನು 54 ಕಿಲೋ ತೂಗಿತ್ತು. ಬೆನ್ನಲ್ಲಿ ಗೂನು, ಕಿತ್ತಳೆ ಬಣ್ಣದ ಈಜುರೆಕ್ಕೆ. ಇಡೀ ಲೋಕದಲ್ಲಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಜಾತಿ ಇದು. ಇಷ್ಟು ಹೆಸರುವಾಸಿ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದು 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

ಅದು ಕಮ್ಮಿಯಾಗುತ್ತಿದೆ ಅಂತ ತೋರಿಸಿಕೊಟ್ಟದ್ದು ಗಾಳ ಹಾಕುವವರ ನೋಟ್‌ಬುಕ್! ಇಲ್ಲೇ ಕೆಳಗೆ ಗಾಳಿಬೋರೆ ಶಿಬಿರದಲ್ಲಿ ರಾಗಿ ಹಿಟ್ಟಿನ ಉಂಡೆ ಕಟ್ಟಿ ಗಾಳ ಹಾಕಿ, ಮೀನು ಹಿಡಿದು, ತೂಕ ಬರೆದು ಮತ್ತೆ ಹೊಳೆಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ವಿಜ್ಞಾನಿಗಳು ಕೂಡಿಸಿ ನೋಡಿದಾಗ ನೀಲಿ ರೆಕ್ಕೆಯವು ಏರುತ್ತಾ, ಗೂನು ಬೆನ್ನಿನವು ಇಳಿಯುತ್ತಾ ಹೋಗಿದ್ದವು. ನೀಲಿ ರೆಕ್ಕೆಯವೂ ಮಹಶೀರೇ, ಆದರೆ ಬೇರೆ ಜಾತಿ, ಹೊರಗಿನವು. ಮಹಶೀರ್ ಉಳಿಯಲಿ ಅಂತ ಒಳ್ಳೇ ಮನಸ್ಸಿನಿಂದಲೇ ಲೋನಾವಳದಲ್ಲಿ ಮರಿ ಮಾಡಿಸಿ ತಂದು ಬಿಟ್ಟಿದ್ದರು.

ಆಮೇಲೆ ವನ್ಯಜೀವಿ ಕಾಯ್ದೆಯಡಿ ಗಾಳ ಹಾಕುವುದು ನಿಂತಿತು. ಕಾಯ್ದೆ ಸರಿ ಇರಬಹುದು. ಆದರೆ ಅದರ ಜೊತೆ ಆ ನೋಟ್‌ಬುಕ್ಕೂ ಮುಚ್ಚಿತು. ಹೊಳೆ ಕಾಯುತ್ತಿದ್ದ ಕಣ್ಣುಗಳೂ ಹೋದವು. ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದವರೇ ಶಿಬಿರದ ಕಾವಲುಗಾರರಾಗಿದ್ದರು, ಅವರ ಹೊಟ್ಟೆಪಾಡು ಏನಾಗಬೇಕು? ನನಗಂತೂ ಇದು ದೊಡ್ಡ ತಪ್ಪು ಅನಿಸುತ್ತದೆ. ಗಾಳ ಬೇಡ ಅಂದಮೇಲೆ, ಎಣಿಸುವ ಬೇರೆ ದಾರಿಯನ್ನು ಅವತ್ತೇ ಹುಡುಕಬೇಕಿತ್ತು, ಅಲ್ವಾ?

ಕೆಳಗೆ ಮೇಕೆದಾಟಿನಲ್ಲಿ 67 ಟಿಎಂಸಿ ಅಣೆಕಟ್ಟೆಯ ಯೋಜನೆ ಇದೆ, ಬೆಂಗಳೂರಿನ ಕುಡಿಯುವ ನೀರಿಗೆ ಅಂತ. ಅದು ಕಟ್ಟಿದರೆ ಈ ಕಾಡಿನ ಒಂದಷ್ಟು ಮುಳುಗುತ್ತದೆ, ಹರಿಯೋ ಹೊಳೆ ನಿಂತ ನೀರಾಗುತ್ತದೆ. ಬಿಳಿಮೀನು ಮೊಟ್ಟೆಯಿಡೋಕೆ ಹರಿಯೋ ನೀರು, ಕಲ್ಲು ಮರಳು ಬೇಕು. ನಾನು ಕುಡಿಯೋದೂ ಇದೇ ಹೊಳೆಯ ನೀರು. ತೆಪ್ಪದಲ್ಲಿ ಕೂತು ಇದನ್ನು ಯೋಚಿಸುವಾಗ ಸಂಕಟವಾಯಿತು.

"ಮೊದ್ಲೆಲ್ಲ ಬಿಳಿಮೀನು ಎದ್ರೆ ಸದ್ದು ಆ ದಡಕ್ಕೂ ಕೇಳ್ತಿತ್ತು ಸಾರ್" ಅಂದರು ಅಣ್ಣ. ಮಡುವಿನ ಹತ್ತಿರ ಹುಟ್ಟು ಎತ್ತಿಟ್ಟರು. ತೆಪ್ಪ ಸುಮ್ನೆ ತೇಲಿತು. ಎದುರು ಬಂಡೆಯಲ್ಲಿ ಮೊಸಳೆಯೊಂದು ಬಾಯಿ ತೆರೆದು ಮಲಗಿತ್ತು. ತುಂಬಾ ಹೊತ್ತಾದ ಮೇಲೆ ಬಂಡೆ ನೆರಳಿಂದ ಮೊಳದುದ್ದದ ಮೀನೊಂದು ಮೇಲೆ ಬಂತು, ಹೊರಳಿತು. ನಾನು ಎದ್ದು ನಿಲ್ಲೋಕೆ ಹೋಗಿ ತೆಪ್ಪ ಅಲುಗಿತು. ಅಣ್ಣ ನನ್ನ ಭುಜ ಹಿಡಿದು ಕೂರಿಸಿದರು.

"ನೀಲಿ ರೆಕ್ಕೆದು" ಅಂದು ಮತ್ತೆ ಹುಟ್ಟು ಹಾಕಿದರು.