ಬೈಪಾಸ್ ಆದ ಮೇಲೂ ಉಳಿದ ಎದೆನೋವು

ನಮ್ಮ ಮನೆಯಿಂದ ಅಡಿಕೆ ತೋಟಕ್ಕೆ ಇಳಿಯುವ ದಾರಿಯಲ್ಲಿ 62 ಮೆಟ್ಟಿಲುಗಳಿವೆ. ಮಲೆನಾಡಿನ ಸಾಗರ ಸೀಮೆಯ ಅನೇಕ ಮನೆಗಳಂತೆ ನಮ್ಮದೂ ದಿಬ್ಬದ ಮೇಲಿದ್ದು, ತೋಟ ಕೆಳಗಿನ ಕಣಿವೆಯಲ್ಲಿರುವುದರಿಂದ, ಹೋಗುವಾಗ ಇಳಿಜಾರು, ಬರುವಾಗ ಏರು. ಬೈಪಾಸ್ ಶಸ್ತ್ರಚಿಕಿತ್ಸೆಯಾಗಿ 14 ತಿಂಗಳು ಕಳೆದಿದ್ದ ಡಿಸೆಂಬರ್‌ನ ಒಂದು ಬೆಳಿಗ್ಗೆ, ದೋಸೆ ತಿಂದ ಕೂಡಲೇ ತೋಟಕ್ಕೆ ಹೋಗಿ ಮರಳಿ ಹತ್ತುತ್ತಿದ್ದಾಗ, 30ನೆಯ ಮೆಟ್ಟಿಲಿನ ಸುಮಾರಿಗೆ ಎದೆಯ ನಡುವೆ ಆ ಹಳೆಯ ಬಿಗಿತ ಮತ್ತೆ ಬಂತು. ಒದ್ದೆ ಬೈರಾಸನ್ನು ಎದೆಗೆ ಸುತ್ತಿ ಎರಡೂ ತುದಿಯಿಂದ ಹಿಂಡಿದಂಥ ಬಿಗಿತ ಅದು. ಎಡ ದವಡೆಯವರೆಗೂ ಏರಿತು, ಎಡಗೈಯ ಒಳಬದಿಯ ಗುಂಟ ಕಿರುಬೆರಳವರೆಗೂ ಇಳಿಯಿತು. ದಾರಿಬದಿಯ ಹಲಸಿನ ಮರಕ್ಕೆ ಕೈಯಾನಿಸಿ ನಿಂತೆ. ಎರಡು ಮೂರು ನಿಮಿಷಗಳಲ್ಲಿ ಅದು ಕರಗಿತು. ಉಳಿದ ಮೆಟ್ಟಿಲುಗಳನ್ನು ಹತ್ತಿ ಮನೆಗೆ ಬಂದೆ, ಯಾರಿಗೂ ಹೇಳಲಿಲ್ಲ.

ಹೇಳದೆ ಕಳೆದದ್ದು ಒಂದು ದಿನವಲ್ಲ, ನಾಲ್ಕು ತಿಂಗಳು. ಆ ನಾಲ್ಕು ತಿಂಗಳ ಬಗ್ಗೆ ಬರೆಯಬೇಕೆಂದೇ ಈಗ ಕುಳಿತಿದ್ದೇನೆ. ನನ್ನ ಆಪರೇಷನ್ನಿಗೆಂದು ಮಗ ಸಾಲ ಮಾಡಿದ್ದ, ಹೆಂಡತಿಯ ಬಳೆಗಳು ಸೊಸೈಟಿಯಲ್ಲಿ ಅಡವಿದ್ದವು, ತಂಗಿ ತನ್ನ ಮನೆಯ ಕೆಲಸ ಬಿಟ್ಟು ಮೂರು ವಾರ ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆದಿದ್ದಳು. ನೋಡಲು ಬಂದವರೆಲ್ಲ "ಇನ್ನೇನು, ಪೈಪ್‌ಲೈನ್ ಹೊಸದಾಯ್ತು, ಇಪ್ಪತ್ತು ವರ್ಷ ಚಿಂತೆಯಿಲ್ಲ" ಎಂದು ಹರಸಿ ಹೋಗಿದ್ದರು. ಇಷ್ಟೆಲ್ಲ ಆದ ಮೇಲೆ "ನೋವು ಮತ್ತೆ ಬಂದಿದೆ" ಎಂದು ಬಾಯಿಬಿಟ್ಟರೆ ಅವರೆಲ್ಲರ ತ್ಯಾಗ ನೀರಿನಲ್ಲಿ ಹೋಮ ಮಾಡಿದಂತಾಯಿತೆಂದು ಸಾರಿದ ಹಾಗೆ ಎಂದು ನನಗೆ ಅನ್ನಿಸಿತ್ತು. ಆದ್ದರಿಂದ ಬಿಗಿತ ಬಂದಾಗಲೆಲ್ಲ ಪಂಚೆಯನ್ನು ಸರಿಯಾಗಿ ಕಟ್ಟಿಕೊಳ್ಳುವ ನೆಪದಲ್ಲೋ, ಬಿದ್ದ ಅಡಿಕೆ ಹೆಕ್ಕುವ ನೆಪದಲ್ಲೋ ನಿಲ್ಲುತ್ತಿದ್ದೆ. ಗ್ಯಾಸ್ ಇರಬೇಕೆಂದು ನನಗೆ ನಾನೇ ಹೇಳಿಕೊಂಡು ಜೀರಿಗೆ ಕಷಾಯ ಕುಡಿಯುತ್ತಿದ್ದೆ. ಕೊನೆಗೆ ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಹೆಂಡತಿಯೇ ಕೇಳಿದಳು: "ನೀವು ದಿನಾ ಅದೇ ಹಲಸಿನ ಮರದ ಹತ್ರ ನಿಲ್ತೀರಲ್ಲ, ಎಂತಕ್ಕೆ?" ಉತ್ತರ ಕೊಡಲು ಹೋದೆ, ಗಂಟಲು ಕಟ್ಟಿತು.

ಮೊದಲು ತೋರಿಸಿದ ವೈದ್ಯರು ನನ್ನ ಮಾತನ್ನು ಪೂರ್ತಿ ಕೇಳುವ ಮೊದಲೇ, "ಆಪರೇಷನ್ ಆಗಿದೆಯಲ್ಲ, ಇದು ಭಯ ಅಷ್ಟೇ" ಎಂದು ನಿದ್ದೆಯ ಮಾತ್ರೆ ಬರೆದುಕೊಟ್ಟರು. ಇಸಿಜಿಯನ್ನೂ ತೆಗೆಸಲಿಲ್ಲ. ಆ ಮಾತು ನನ್ನನ್ನು ಇನ್ನೂ ಒಂದು ತಿಂಗಳು ಬಾಯಿ ಮುಚ್ಚಿಸಿತು ಎಂಬುದನ್ನು ಇಂದಿಗೂ ಸಂಕಟದಿಂದ ನೆನೆಯುತ್ತೇನೆ. ಎರಡನೆಯವರು ಮಣಿಕಟ್ಟಿನ ಮೂಲಕ ಆಂಜಿಯೋಗ್ರಾಂ (ಹೃದಯದ ರಕ್ತನಾಳಗಳ ಚಿತ್ರ ತೆಗೆಯುವ ಪರೀಕ್ಷೆ) ಮಾಡಿ, ಪರದೆಯ ಮೇಲೆ ತೋರಿಸುತ್ತಲೇ ಎಲ್ಲವನ್ನೂ ವಿವರಿಸಿದರು.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಬೈಪಾಸ್ ಎಂದರೆ ಕಟ್ಟಿಕೊಂಡ ರಕ್ತನಾಳವನ್ನು ಶುಚಿ ಮಾಡುವುದಲ್ಲ, ಕಟ್ಟಿದ ಜಾಗವನ್ನು ಬಳಸಿ ಹೋಗುವ ಬೇರೆ ದಾರಿಯನ್ನು ಹೊಲಿಯುವುದು. ಕಾಯಿಲೆ ಇದ್ದಲ್ಲೇ ಇರುತ್ತದೆ. 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಅರ್ಜೆಂಟೀನಾದ ವೈದ್ಯ ರೆನೆ ಫವಲೋರೊ ಕಾಲಿನ ಅಭಿಧಮನಿಯನ್ನು ತೆಗೆದು ಈ ದಾರಿ ಮಾಡುವುದನ್ನು ಬಳಕೆಗೆ ತಂದರು. ಇಂದು ಅದರ ಜೊತೆಗೆ ಎದೆಗೂಡಿನ ಒಳಗೋಡೆಯ ಅಪಧಮನಿಯನ್ನೂ ಬಳಸುತ್ತಾರೆ. ಎದೆಯ ಅಪಧಮನಿ ಹತ್ತು ವರ್ಷ ಕಳೆದರೂ ಹೆಚ್ಚಿನವರಲ್ಲಿ ತೆರೆದೇ ಇರುತ್ತದೆ. ಕಾಲಿನ ಅಭಿಧಮನಿಯ ಮಾತು ಬೇರೆ. ಕಡಿಮೆ ಒತ್ತಡದ ರಕ್ತವನ್ನು ಸಾಗಿಸಲೆಂದು ಹುಟ್ಟಿದ ಅದು ಅಪಧಮನಿಯ ಹೆಚ್ಚಿನ ಒತ್ತಡವನ್ನು ತಾಳಲಾರದೆ ಒಳಗಿನಿಂದ ದಪ್ಪವಾಗುತ್ತದೆ, ಕೆಲವರಲ್ಲಿ ಮೊದಲ ವರ್ಷದಲ್ಲೇ ಮುಚ್ಚಿಹೋಗುತ್ತದೆ. ನನಗೆ ಹಾಕಿದ್ದ ಮೂರರಲ್ಲಿ ಎದೆಯದ್ದು ಚೆನ್ನಾಗಿತ್ತು, ಕಾಲಿನ ಎರಡರಲ್ಲಿ ಒಂದು ಮುಚ್ಚಿತ್ತು. ಅದರ ಹಿಂದಿನ ಸ್ವಂತ ನಾಳ ಉದ್ದಕ್ಕೂ ಸಣ್ಣದಾಗಿದ್ದುದರಿಂದ ನಾಳವನ್ನು ತೆರೆದಿಡುವ ಜಾಲರಿಯ ಕೊಳವೆಯನ್ನು (ಸ್ಟೆಂಟ್) ಕೂರಿಸಲು ಜಾಗವಿರಲಿಲ್ಲ. "ಆಪರೇಷನ್ ವ್ಯರ್ಥವಾಯಿತೇ ಡಾಕ್ಟ್ರೇ?" ಎಂದು ಕೇಳಿದೆ. ಮುಖ್ಯವಾದ ನಾಳಕ್ಕೆ ರಕ್ತ ಕೊಡುತ್ತಿರುವುದೇ ಆ ಆಪರೇಷನ್ ಎಂದರು. ಮನೆಗೆ ಬಂದು ಮಗನಿಗೆ ಮೊದಲು ಹೇಳಿದ್ದು ಈ ಮಾತನ್ನೇ.

ಈಗ ನನ್ನ ದಿನ ಮಾತ್ರೆಗಳ ಸುತ್ತ ನಡೆಯುತ್ತದೆ. ನಾಡಿಯ ವೇಗ ತಗ್ಗಿಸಲು ಮೆಟೊಪ್ರೊಲೊಲ್. ಅದನ್ನು ಒಮ್ಮೆಗೇ ನಿಲ್ಲಿಸಬಾರದು. ಮೊದಲಿನಿಂದ ಇದ್ದ ಆಸ್ಪಿರಿನ್ ಮತ್ತು ಕೊಲೆಸ್ಟರಾಲ್ ಮಾತ್ರೆಗಳ ಜೊತೆಗೆ ಎದೆನೋವು ತಗ್ಗಿಸುವ ರ‍್ಯಾನೊಲಜೀನ್ ಸೇರಿತು, ಅದರಿಂದ ಮಲಬದ್ಧತೆ ಬಂದು ಹಣ್ಣು ಸೊಪ್ಪು ಹೆಚ್ಚಿಸಿಕೊಂಡೆ. ರಕ್ತನಾಳ ಹಿಗ್ಗಿಸುವ ನೈಟ್ರೇಟ್ ಮಾತ್ರೆಯನ್ನು ಬೆಳಿಗ್ಗೆ ಮತ್ತು ಮಧ್ಯಾಹ್ನ ಮಾತ್ರ ಕೊಟ್ಟಾಗ, ರಾತ್ರಿಯೂ ಒಂದಿರಲಿ ಎಂದು ನಾನೇ ಸ್ವಂತ ಬುದ್ಧಿಯಿಂದ ನುಂಗಲು ತೊಡಗಿದ್ದೆ. ಅದು ದೊಡ್ಡ ತಪ್ಪು. ದಿನವಿಡೀ ಬಿಡುವಿಲ್ಲದೆ ಆ ಔಷಧವಿದ್ದರೆ ದೇಹ ಅದಕ್ಕೆ ಒಗ್ಗಿಹೋಗಿ ಗುಣವೇ ಕುಂದುತ್ತದೆ, ಆದ್ದರಿಂದಲೇ ರಾತ್ರಿಯ ಬಿಡುವು.

ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಬೇರೆಯೇ ಕಥೆ. ಒಂದು ಸ್ಟ್ರಿಪ್ ಅಂಗಿಯ ಕಿಸೆಯಲ್ಲಿ, ಒಂದು ಹಾಸಿಗೆಯ ಪಕ್ಕದಲ್ಲಿ, ಒಂದು ತೋಟದ ಪಂಪ್‌ಮನೆಯ ಗೂಡಿನಲ್ಲಿ ಇದೆ. ನಿಂತು ಇಟ್ಟುಕೊಂಡರೆ ಬಿಪಿ ಇಳಿದು ತಲೆ ತಿರುಗಿ ಬೀಳಬಹುದು, ಕುಳಿತೇ ಇಟ್ಟುಕೊಳ್ಳಬೇಕು. ನಾಲಿಗೆಯಡಿ ಅದು ಕರಗಿದ ಸ್ವಲ್ಪ ಹೊತ್ತಿಗೆ ಹಣೆಯ ಎರಡೂ ಬದಿ ಢವಢವ ಬಡಿಯತೊಡಗುತ್ತದೆ, ಕಿವಿ ಬಿಸಿಯಾಗುತ್ತದೆ, ಅಷ್ಟರಲ್ಲಿ ಎದೆಯ ಹಿಡಿತ ಒಂದೊಂದೇ ಬೆರಳು ಬಿಚ್ಚಿದಂತೆ ಸಡಿಲವಾಗುತ್ತದೆ. ಇದರ ಹತ್ತಿರದ ನೆಂಟ ನೈಟ್ರೋಗ್ಲಿಸರಿನ್. ಡೈನಮೈಟ್‌ನಲ್ಲಿರುವುದೂ ಅದೇ, ಡೈನಮೈಟ್ ಕಂಡುಹಿಡಿದ ನೊಬೆಲ್‌ಗೆ ಕೊನೆಗಾಲದ ಎದೆನೋವಿಗೆ ವೈದ್ಯರು ಬರೆದುಕೊಟ್ಟದ್ದೂ ಅದನ್ನೇ. ಐದು ನಿಮಿಷದಲ್ಲಿ ನೋವು ತಗ್ಗದಿದ್ದರೆ 108ಕ್ಕೆ ಕರೆ ಮಾಡಬೇಕೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ನಮ್ಮಂಥ ಊರಿಗೆ ವಾಹನ ತಲುಪಲು ಹೊತ್ತು ಹಿಡಿಯುವುದರಿಂದ ಇನ್ನೂ ಸ್ವಲ್ಪ ನೋಡೋಣ ಎಂಬ ಮಾತನ್ನೇ ಬಿಟ್ಟಿದ್ದೇವೆ. ಸುಮ್ಮನೆ ಕುಳಿತಿರುವಾಗ ಬರುವ ನೋವು, ಮೊದಲಿಗಿಂತ ಕಡಿಮೆ ಶ್ರಮಕ್ಕೇ ಬರುವ ನೋವು, ರಾತ್ರಿ ಎಬ್ಬಿಸುವ ನೋವು, ಇವು ಯಾವುವೂ ನನ್ನ ಪರಿಚಯದ ನೋವಲ್ಲ. ಅವು ಬಂದರೆ ಕಷಾಯ ಕಾಸುತ್ತ ಕೂರುವಂತಿಲ್ಲ.

ನಡೆಯುವುದನ್ನು ಮಾತ್ರ ಬಿಟ್ಟಿಲ್ಲ. ಈ ಕಾಯಿಲೆಗೆ ಆಂಜೈನಾ ಎಂಬ ಹೆಸರು ಕೊಟ್ಟ ವೈದ್ಯ ವಿಲಿಯಂ ಹೆಬರ್ಡನ್ 1768ರಲ್ಲಿ ಲಂಡನ್ನಿನಲ್ಲಿ ಅದನ್ನು ವರ್ಣಿಸುವಾಗ, ಏರು ಹತ್ತುವಾಗ, ಅದರಲ್ಲೂ ಊಟವಾದ ಸ್ವಲ್ಪ ಹೊತ್ತಿಗೆ, ಈ ನೋವು ಹಿಡಿಯುತ್ತದೆ, ನಿಂತರೆ ಮಾಯವಾಗುತ್ತದೆ ಎಂದಿದ್ದರಂತೆ. ನನ್ನ ದೋಸೆಯನ್ನೂ ಮೆಟ್ಟಿಲುಗಳನ್ನೂ ಕಂಡೇ ಬರೆದಂತಿದೆ. ದಿನಕ್ಕೆ ಅರ್ಧ ಗಂಟೆ ಮರ ಕೊಯ್ಯುವ ಕೆಲಸ ಹಚ್ಚಿಕೊಂಡ ಒಬ್ಬ ರೋಗಿ ಹೆಚ್ಚುಕಡಿಮೆ ಗುಣವಾದದ್ದನ್ನೂ ಅವರು ದಾಖಲಿಸಿದ್ದಾರೆ. ಇದನ್ನು ಓದಿದ ದಿನ ನನಗಾದ ಸಮಾಧಾನ ಯಾವ ಮಾತ್ರೆಯಿಂದಲೂ ಆಗಿರಲಿಲ್ಲ. ನಾನು ಮರ ಕೊಯ್ಯುವುದಿಲ್ಲ. ತಿಂಡಿಯಾದ ಒಂದೂವರೆ ಗಂಟೆಯ ಮೇಲೆ, ಚಳಿಯಿದ್ದರೆ ಮೂಗು ಬಾಯಿಗೆ ಮಫ್ಲರ್ ಸುತ್ತಿ, ವೈದ್ಯರು ಹೇಳಿದಂತೆ ಹತ್ತುವ ಮೊದಲೇ ನಾಲಿಗೆಯಡಿ ಮಾತ್ರೆಯಿಟ್ಟು ನಿಧಾನವಾಗಿ ಹೊರಡುತ್ತೇನೆ. ಹಲಸಿನ ಮರದ ಬುಡದಲ್ಲಿ ಮಗ ಚಿರೆಕಲ್ಲಿನ ಕಟ್ಟೆ ಕಟ್ಟಿಸಿದ್ದಾನೆ. ಅಲ್ಲಿ ಈಗ ಎಲ್ಲರ ಕಣ್ಣೆದುರೇ ಕೂರುತ್ತೇನೆ. ಅಡಿಕೆ ಕೊನೆ ಕೊಯ್ಯಲು ಬರುವವರೂ ಕೆಲವೊಮ್ಮೆ ಪಕ್ಕದಲ್ಲಿ ಕುಳಿತು ಎಲೆ ಹಾಕುತ್ತಾರೆ. ನೋವು ಯಾವ ಮೆಟ್ಟಿಲಿನಲ್ಲಿ ಬಂತು, ಮಾತ್ರೆ ಬೇಕಾಯಿತೇ ಎಂಬುದನ್ನು ಸಂಜೆ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಕಳೆದ ತಿಂಗಳು ಹನ್ನೊಂದು ದಿನ ಒಮ್ಮೆಯೂ ಬರಲಿಲ್ಲ, ಹೆಚ್ಚಿನ ದಿನ 40ರ ನಂತರ ಬಂತು, ಎರಡು ದಿನ 20ಕ್ಕೇ ಬಂತು.

ಮುಂದಿನ ಸೋಮವಾರ ಮತ್ತೆ ತೋರಿಸಬೇಕು. ಹಿಂದೆಲ್ಲ ಹೆಂಡತಿಯನ್ನು ಹೊರಗೆ ಕೂರಿಸಿ ನಾನೊಬ್ಬನೇ ಒಳಗೆ ಹೋಗುತ್ತಿದ್ದೆ. ಈ ಸಲ ನೋಟ್‌ಬುಕ್ ಅವಳ ಕೈಯಲ್ಲಿದೆ. 20ಕ್ಕೇ ಬಂದ ಆ ಎರಡು ದಿನಗಳಿಗೆ ಅವಳು ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿಟ್ಟಿದ್ದಾಳೆ.