ಕಟ್ಟೆ ಕೆಳಗಿನ ತೆಂಗಿನಕಾಯಿ

ನಮ್ಮ ಮನೆಯ ತಾರಸಿ ಮೇಲೆ ಹತ್ತು ಅಡಿ ಉದ್ದದ ಒಂದು ಹಳದಿ ಕಯಾಕ್ ಇದೆ. ಅದರ ಮೂತಿ ಹತ್ತಿರ ಅಂಗೈಯಗಲ ತರಚಿದೆ. ಕೇಳಿದವರಿಗೆಲ್ಲ ಬಂಡೆಗೆ ತಾಗಿತು ಅಂತ ಹೇಳಿಕೊಂಡು ಬಂದಿದ್ದೇನೆ. ಬಂಡೆಗೆ ತಾಗಿದ್ದಲ್ಲ.

ನಾನು ಕಯಾಕ್ ಕಲಿತದ್ದು ಮೂಲ್ಕಿ ಹತ್ತಿರ, ಶಾಂಭವಿ ನದಿಯ ಹಿನ್ನೀರಿನಲ್ಲಿ. ಅಲ್ಲಿ ನೀರು ಹೆಚ್ಚು ಕಮ್ಮಿ ನಿಂತೇ ಇರುತ್ತದೆ. ಬಿದ್ದರೂ ನಗುತ್ತಾ ಮತ್ತೆ ಹತ್ತಬಹುದು. ನಾಲ್ಕು ದಿನ ಅಲ್ಲಿ ಹುಟ್ಟು ಹಾಕಿ ಮೈಸೂರಿಗೆ ಬಂದವನಿಗೆ ಕಾವೇರಿಯೂ ಹಾಗೇ ಅನ್ನಿಸಿತ್ತು. ಹಳೆಯ ದೋಣಿ ಎರಡು ಕೊಂಡೆ. ಒಂದು ನನಗೆ, ಒಂದು ನನ್ನ ಭಾವಮೈದನಿಗೆ. ಅವನಿಗೆ ಬೇಕು ಅಂತ ಅವನೇನೂ ಕೇಳಿರಲಿಲ್ಲ.

ಡಿಸೆಂಬರ್ ತಿಂಗಳ ಒಂದು ಭಾನುವಾರ. ಕೆಆರ್‌ಎಸ್‌ನಿಂದ ಕೆಳಗೆ, ಶ್ರೀರಂಗಪಟ್ಟಣಕ್ಕೆ ಮುಂಚೆ, ಒಂದು ದೇವಸ್ಥಾನದ ಸೋಪಾನದಲ್ಲಿ ದೋಣಿ ಇಳಿಸಿದೆವು. ರಂಗನತಿಟ್ಟು ಬರುವುದಕ್ಕೆ ಬಹಳ ಮೊದಲೇ ನಿಲ್ಲಿಸಬೇಕಿತ್ತು. ಅದು ಪಕ್ಷಿಧಾಮ, ಖಾಸಗಿ ದೋಣಿ ಅಲ್ಲಿಗೆ ಹೋಗುವ ಹಾಗಿಲ್ಲ. ಹೋಗುವ ಹಾಗಿದ್ದರೂ ಅಲ್ಲಿನ ಮೊಸಳೆಗಳ ನಡುವೆ ಪ್ಲಾಸ್ಟಿಕ್ ದೋಣಿಯಲ್ಲಿ ಕೂರುವ ಆಸೆ ನನಗಿಲ್ಲ. ದಾರಿಯಲ್ಲಿ ಅಡ್ಡ ಬರುವುದು ಒಂದೇ ಒಂದು ಹಳೆಯ ಕಟ್ಟೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರ ಯಾರಾದರೂ ಟ್ಯೂಬ್ ಹಿಡಿದುಕೊಂಡು ಹೋಗಿಬಿಡುತ್ತಾರೆ.

ಈ ಕಡೆಯ ಕಟ್ಟೆಗಳನ್ನು ಕೆಆರ್‌ಎಸ್ ತರಹದ ಅಣೆಕಟ್ಟು ಅಂದುಕೊಳ್ಳಬೇಡಿ. ಅರಸರ ಕಾಲದವು ಜಾಸ್ತಿ. ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡು. ಸ್ವಲ್ಪ ನೀರು ನಾಲೆಗೆ ತಿರುಗುತ್ತದೆ, ಉಳಿದದ್ದು ಒಡ್ಡಿನ ಮೇಲೆ ಹರಿದು ಕೆಳಗೆ ಬೀಳುತ್ತದೆ. ರಂಗನತಿಟ್ಟಿನ ತಿಟ್ಟುಗಳಾದದ್ದೂ 1645-48ರ ಹೊತ್ತಿಗೆ ಕಟ್ಟಿದ ಇಂಥ ಒಂದು ಒಡ್ಡಿನಿಂದ ಅನ್ನುತ್ತಾರೆ. ಬಲಮುರಿಯನ್ನು ನೀವು ನೋಡಿಯೇ ಇರುತ್ತೀರಿ, ಹೋಗದಿದ್ದರೂ ಸಿನಿಮಾ ಹಾಡುಗಳಲ್ಲಿ. ಆಳೆತ್ತರದ ಬೀಳು, ಬಿಳಿ ಪರದೆ ಹಾಸಿದ ಹಾಗೆ ನೀರು, ಕೆಳಗೆ ಮಕ್ಕಳ ಆಟ. ಅದೇ ಜಾಗಕ್ಕೆ ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಜನರನ್ನು ಬಿಡುವುದಿಲ್ಲ. ಯಾಕೆ ಅಂತ ನಾನು ಯಾವತ್ತೂ ಸರಿಯಾಗಿ ಯೋಚಿಸಿರಲಿಲ್ಲ. ಜಾಸ್ತಿ ನೀರು, ಅಷ್ಟೇ ಅಲ್ವಾ?

ಮೊಬೈಲಿನ ಮ್ಯಾಪಿನಲ್ಲಿ ಕಟ್ಟೆ ಒಂದು ಬಿಳಿ ಗೆರೆ. ಅದಕ್ಕೆ ಸ್ವಲ್ಪ ಮೇಲೆ, ಎಡದಂಡೆಯಲ್ಲಿ ಒಂದು ಕಾಲುದಾರಿ ಕಾಣುತ್ತಿತ್ತು. ಅಲ್ಲಿ ಇಳಿಯೋದು, ದೋಣಿ ಹೊತ್ತು ಕಟ್ಟೆ ದಾಟೋದು, ಕೆಳಗೆ ಮತ್ತೆ ನೀರಿಗಿಳಿಯೋದು. ಮನೆಯ ಸೋಫಾ ಮೇಲೆ ಕೂತು ಮಾಡಿದ ಲೆಕ್ಕ.

ಎರಡು ಗಂಟೆ ಚೆನ್ನಾಗಿಯೇ ಹೋಯಿತು. ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದವು. ಆಮೇಲೆ ಹೊಳೆ ಅಗಲವಾಯಿತು, ಸದ್ದು ನಿಂತಿತು. ಕೆರೆಯ ಹಾಗೆ ನುಣ್ಣಗೆ. ‘ಭಾವ, ಇಲ್ಲಿ ಎಷ್ಟು ಚೆನ್ನಾಗಿದೆ’ ಅಂದ ಅವನು. ಕಟ್ಟೆ ಹತ್ತಿರ ಬಂತು ಅನ್ನುವುದಕ್ಕೆ ಅದೇ ಗುರುತು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಮೇಲಿನಿಂದ ಬರುವವನಿಗೆ ಕಟ್ಟೆ ಕಾಣುವುದೇ ಇಲ್ಲ. ಬೀಳುವ ನೀರು ಆಚೆ ಇರುತ್ತದೆ, ಅದರ ಸದ್ದೂ ಹೆಚ್ಚು ಆಚೆಗೇ ಹೋಗುತ್ತದೆ. ಕಾಣುವುದು ಒಂದು ನೇರ ಗೆರೆ. ಗೆರೆಯಾಚೆ ಮರಗಳ ತಲೆ ಮಾತ್ರ, ಬುಡ ಇಲ್ಲ.

ಎಡದಂಡೆಯಲ್ಲಿ ಒಂದು ದೊಡ್ಡ ಹೊಳೆಮತ್ತಿ ಮರ. ಅದರ ಕೆಳಗೆ ಹರಿಗೋಲಿನಲ್ಲಿ ಕೂತು ಬಲೆ ಬಿಡಿಸುತ್ತಿದ್ದ ಯಜಮಾನರೊಬ್ಬರು ಕೂಗಿದರು. ‘ಏಯ್, ಮರದ್ ತಾವ್ ಬನ್ನಿ! ಕೆಳಕ್ ಹೋಗ್ಬ್ಯಾಡಿ!’ ಹರಿಗೋಲಿನಲ್ಲಿ ಒಂದು ಸುತ್ತು ಬರ್ತೀರಾ ಅಂತ ಕರೆಯುತ್ತಿದ್ದಾರೆ ಅಂದುಕೊಂಡೆ. ಬೇಡ ಅಂತ ಕೈಯಾಡಿಸಿದೆ. ಭಾವಮೈದ ತಕ್ಷಣ ದೋಣಿ ತಿರುಗಿಸಿದ. ಯಾರು ಏನು ಹೇಳಿದರೂ ಕೇಳುವವನು ಅವನು, ಇದನ್ನು ನಾನು ಎಷ್ಟೋ ಸಲ ಆಡಿಕೊಂಡಿದ್ದೇನೆ.

ನನ್ನ ಮ್ಯಾಪಿನ ಕಾಲುದಾರಿ ಇತ್ತು. ಆದರೆ ಅದು ದಂಡೆಯ ಮೇಲೆ, ಆಳೆತ್ತರದಲ್ಲಿ. ಕೆಳಗೆ ಬರೀ ಜೊಂಡು. ಆಗ ತಿಳಿಯಿತು, ನಾನು ಹುಟ್ಟು ಹಾಕುವುದು ನಿಲ್ಲಿಸಿದ್ದರೂ ದೋಣಿ ನಿಂತಿರಲಿಲ್ಲ. ನುಣ್ಣಗಿದ್ದ ನೀರು ನಡೆಯುತ್ತಿತ್ತು. ಜೊಂಡಿಗೆ ತಗುಲಿಸಿ ಒಂದು ಕಾಲು ಹೊರಗಿಟ್ಟೆ. ಕಾಲು ಮಂಡಿಯವರೆಗೆ ಕೆಸರಿಗೆ ಹೋಯಿತು. ಇನ್ನೊಂದು ಕಾಲಿನ ಕೆಳಗಿಂದ ದೋಣಿ ಜಾರಿಕೊಂಡಿತು. ಎರಡೂ ಕೈಯಲ್ಲಿ ಜೊಂಡು ತಬ್ಬಿಕೊಂಡು ಮಲಗಿದೆ. ಹಳದಿ ದೋಣಿ ನಿಧಾನವಾಗಿ, ಹಿಂದುಮುಂದಾಗಿ, ಆ ಗೆರೆಯವರೆಗೆ ಹೋಗಿ ಮಾಯವಾಯಿತು. ಸದ್ದೇ ಇಲ್ಲ.

ಯಜಮಾನರು ಮೇಲಿನಿಂದ ಹಗ್ಗ ಎಸೆದು ನನ್ನನ್ನು ಎಳೆದುಕೊಂಡರು. ಬೈದರು. ಎಲ್ಲವನ್ನೂ ಇಲ್ಲಿ ಬರೆಯಲಾರೆ. ‘ನೀರ್ ಬುಟ್ಟವ್ರೆ ಬೆಳಗ್ಗೆಯಿಂದ, ಗೊತ್ತಾಗಾಕಿಲ್ವಾ?’ ಅನ್ನುವುದು ಅದರಲ್ಲಿ ಸೌಮ್ಯವಾದದ್ದು. ಕೆಆರ್‌ಎಸ್ ನೀರಿನ ಲೆಕ್ಕ ಪೇಪರಿನಲ್ಲಿ ದಿನಾ ಬರುತ್ತದೆ: ಗರಿಷ್ಠ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಮೈಸೂರು-ಮಂಡ್ಯದವರು ಮೊದಲು ನೋಡುವುದು ಮಟ್ಟವನ್ನು. ನಾನೂ ಅಷ್ಟೇ. ನನಗೆ ಬೇಕಾಗಿದ್ದದ್ದು ಕೊನೆಯ ಸಾಲು, ಅದೂ ಆವತ್ತಿನದು.

ಕಟ್ಟೆಯ ಕೆಳಗೆ ಇಳಿದು ನೋಡಿದಾಗ ದೋಣಿ ಅಲ್ಲೇ ಇತ್ತು. ಗೋಡೆಗೆ ಅಡ್ಡಲಾಗಿ ಬಿದ್ದುಕೊಂಡು ಉರುಳುತ್ತಿತ್ತು. ನಾಲ್ಕು ಮಾರು ಮುಂದೆ ಬರುವುದು, ನಿಲ್ಲುವುದು, ಮತ್ತೆ ವಾಪಸ್ ಗೋಡೆಯ ಕಡೆಗೆ ಹೋಗುವುದು. ನೀರು ಕೆಳಗೆ ಹರಿಯುತ್ತಿರುವಾಗ ದೋಣಿ ಮೇಲಕ್ಕೆ ಹೋಗುವುದನ್ನು ನೋಡಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ‘ಭಾವ, ತೆಂಗಿನಕಾಯಿ ನೋಡಿ’ ಅಂದ ಭಾವಮೈದ. ಅರಿಶಿನ ಹಚ್ಚಿದ ಒಂದು ಕಾಯಿ, ಯಾರದೋ ಪೂಜೆಯದು, ದೋಣಿಯ ಜೊತೆಗೇ ಸುತ್ತುತ್ತಿತ್ತು. ‘ಅದಾ? ಹೊತ್ತುಟ್ಟೋವಾಗ್ಲೇ ಇತ್ತು ಸಾ’ ಅಂದರು ಯಜಮಾನರು. ಆಗ ಗಂಟೆ ಹನ್ನೆರಡು ದಾಟಿತ್ತು.

ಒಡ್ಡಿನ ಮೇಲಿಂದ ಬೀಳುವ ನೀರು ನೇರ ತಳಕ್ಕೆ ಹೋಗಿ ಮುಂದೆ ಏಳುತ್ತದೆ. ಎದ್ದದ್ದರಲ್ಲಿ ಒಂದಷ್ಟು ಕೆಳಕ್ಕೆ ಹರಿದರೆ ಇನ್ನೊಂದಷ್ಟು ಮೇಲ್ಮೈಯಲ್ಲಿ ಗೋಡೆಯ ಕಡೆಗೇ ತಿರುಗುತ್ತದೆ. ತೇಲುವ ವಸ್ತು ಆ ಚಕ್ರದೊಳಗೆ ಸಿಕ್ಕಿಕೊಳ್ಳುತ್ತದೆ. ಕಾಯಿ ಆಗಲಿ, ಮನುಷ್ಯ ಆಗಲಿ. ಲೈಫ್ ಜಾಕೆಟ್ ಇದ್ದರೂ ಆ ನೊರೆಯಲ್ಲಿ ಎಂದಿನ ಹಾಗೆ ತೇಲಿಸುವುದಿಲ್ಲ, ನೊರೆಯಲ್ಲಿ ಗಾಳಿ ಬಹಳ ಬೆರೆತಿರುತ್ತದೆ. ಬಂಡೆಗಳ ನಡುವಿನ ಬೀಳಾದರೆ ಎಲ್ಲೋ ಒಂದು ಸಂದು ಸಿಕ್ಕರೂ ಸಿಗಬಹುದು, ನೀರಿನ ಜೊತೆ ಆಚೆ ಬೀಳಬಹುದು. ಮನುಷ್ಯ ಕಟ್ಟಿದ್ದು ದಂಡೆಯಿಂದ ದಂಡೆಗೆ ಒಂದೇ ಸಮ. ಅಚ್ಚುಕಟ್ಟಾಗಿ ಕಟ್ಟಿದಷ್ಟೂ ಹೊರಗೆ ಬರುವ ದಾರಿ ಕಡಿಮೆ. ಬೀಳು ಗಿಡ್ಡ ಅಂತ ಅಪಾಯ ಇಲ್ಲ ಅಂದುಕೊಳ್ಳುವ ಹಾಗಿಲ್ಲ. ನನ್ನ ಎದೆಮಟ್ಟದ ಬೀಳು ಅದು. ಯಜಮಾನರು ಇಷ್ಟನ್ನೂ ಒಂದೇ ಮಾತಿನಲ್ಲಿ ಹೇಳಿದರು: ‘ಒಳಕ್ಕೆ ತಕ್ಕೊಂಡ್ರೆ ಬುಡಾಕಿಲ್ಲ.’

ಅವರು ಹರಿಗೋಲನ್ನು ಕಟ್ಟೆಯ ಹತ್ತಿರಕ್ಕೆ ಒಯ್ಯಲೇ ಇಲ್ಲ. ನಾನು ಕೇಳಿದಾಗ ನನ್ನ ಮುಖವನ್ನು ಸುಮ್ನೆ ನೋಡಿದರು. ಬಲಗಡೆ ಒಂದು ಕಡೆ ಒಡ್ಡಿನ ಕಲ್ಲು ಎರಡು ಬಿದ್ದುಹೋಗಿವೆ, ನೀರು ಅಲ್ಲಿ ಸೀಳಿಕೊಂಡು ಹೋಗುತ್ತದೆ. ದೋಣಿ ಉರುಳುತ್ತಾ ಅಲ್ಲಿಯವರೆಗೆ ಹೋಗಬೇಕು, ಅಲ್ಲಿಯವರೆಗೆ ಕಾಯಬೇಕು. ಕಾದೆವು. ಬೀಡಿ ಎರಡು ಮುಗಿದವು. ಮುಕ್ಕಾಲು ಗಂಟೆಯ ಮೇಲೆ ಅದು ಹೊರಗೆ ಬಿತ್ತು, ಅವರು ಕೆಳಗಿನ ಮಡುವಿನಲ್ಲಿ ಹಿಡಿದುಕೊಂಡರು. ಐನೂರು ಕೊಡಲು ಹೋದೆ. ಬ್ಯಾಡ ಬ್ಯಾಡ ಅಂದರು, ಆಮೇಲೆ ತೆಗೆದುಕೊಂಡರು.

ಭಾವಮೈದನ ದೋಣಿಯನ್ನು ಹೊಳೆಮತ್ತಿಯ ಹತ್ತಿರದಿಂದ ತಂದೆವು. ಕಟ್ಟೆಗೆ ಇನ್ನೂರು ಹೆಜ್ಜೆ ಮೇಲಿದೆ ಆ ಮರ. ಬೇರುಗಳೇ ಮೆಟ್ಟಿಲು. ಬೇರಿನ ಮೇಲೆ ಹಗ್ಗ ಸವೆಸಿದ ಗೀರುಗಳು ಎಷ್ಟು ಕಾಲದವೋ. ಅಲ್ಲಿಂದ ಕಬ್ಬಿನ ಗದ್ದೆಯ ಬದುವಿನ ಮೇಲೆ ಕೆಳಗಿನ ಮಡುವಿಗೆ ದಾರಿ. ಮಧ್ಯಾಹ್ನ ಯಜಮಾನರು ಹರಿಗೋಲನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಅದೇ ದಾರಿಯಲ್ಲಿ ವಾಪಸ್ ಹೊರಟರು. ಹಿಂದಿನಿಂದ ನೋಡಿದರೆ ಆಮೆಯೊಂದು ಎರಡು ಕಾಲಲ್ಲಿ ನಡೆದ ಹಾಗೆ. ಗದ್ದೆಯವರು ಏನೂ ಅನ್ನುವುದಿಲ್ಲವಾ ಅಂತ ಕೇಳಿದೆ. ಕಬ್ಬು ಮುರೀದಿದ್ರೆ ಆಯ್ತು ಅಂದರು.

ಕಟ್ಟೆಯ ಹತ್ತಿರ ಒಂದು ಬೋರ್ಡ್ ಇದೆ. ನೀರಿಗೆ ಇಳಿಯಬೇಡಿ, ಅಪಾಯ. ಅದರ ಮುಖ ರಸ್ತೆಯ ಕಡೆಗೆ. ಹೊಳೆಯಲ್ಲಿ ಬರುವವರಿಗೆ ಕಾಣುವುದು ತುಕ್ಕು ಹಿಡಿದ ಬೆನ್ನು.

ಮಾರ್ಚ್‌ನಲ್ಲಿ ಮತ್ತೆ ಹೋದೆವು. ಮೊದಲು ದಂಡೆಯಲ್ಲಿ ನಡೆದು ನೋಡಿ, ಯಜಮಾನರನ್ನು ಕೇಳಿ, ಎಸೆಯುವ ಹಗ್ಗ ಇಟ್ಟುಕೊಂಡು. ಮರದ ಹತ್ತಿರವೇ ಇಳಿದೆವು. ಆ ಕಥೆಯಲ್ಲಿ ಹೇಳುವಂಥದ್ದು ಏನೂ ಇಲ್ಲ.

ಆದರೆ ಆ ಡಿಸೆಂಬರ್ ಭಾನುವಾರ, ದೋಣಿಗಳನ್ನು ಕಾರಿನ ಮೇಲೆ ಕಟ್ಟುವಾಗ ನೋಡಿದರೆ ನನ್ನ ಚಪ್ಪಲಿ ಒಂದೇ ಇತ್ತು. ದೋಣಿಯ ಹಿಂಭಾಗದ ಬಲೆಯೊಳಗೆ ಸಿಕ್ಕಿಸಿಟ್ಟಿದ್ದೆ. ಇನ್ನೊಂದನ್ನು ಹುಡುಕಿಕೊಂಡು ಕಟ್ಟೆಯ ಕೆಳಗೆ ಹೋದೆ. ಹೊತ್ತು ಇಳಿಯುತ್ತಿತ್ತು. ತೆಂಗಿನಕಾಯಿ ಇನ್ನೂ ಸುತ್ತುತ್ತಿತ್ತು. ಅದರ ಹಿಂದೆಯೇ ಎಡಗಾಲಿನ ನೀಲಿ ಚಪ್ಪಲಿ.